ಡಾಂಗಲ್ ಬೀಗದ ಕನ್ನಡ ಡಿಟಿಪಿ ತಂತ್ರಾಂಶ: ಹನ್ನೊಂದು ವರ್ಷಗಳ ಬಳಕೆಯ ನಂತರ

ಧಾರವಾಡದ ನನ್ನ ಡಿಟಿಪಿ ಅಂಗಡಿಯಲ್ಲಿ 2013ರಿಂದ 2024ರವರೆಗೆ ಹೆಚ್ಚುಕಡಿಮೆ ಪ್ರತಿದಿನವೂ ಬಳಸಿದ ಒಂದು ಕನ್ನಡ ಅಕ್ಷರಜೋಡಣೆ ತಂತ್ರಾಂಶದ ಬಗ್ಗೆ ಬರೆಯುತ್ತಿದ್ದೇನೆ. ಲಗ್ನಪತ್ರಿಕೆ, ಸಹಕಾರಿ ಸಂಘಗಳ ವಾರ್ಷಿಕ ವರದಿ, ಜಾತ್ರೆಯ ಕರಪತ್ರ, ಕವನ ಸಂಕಲನ, ಒಂದಷ್ಟು ಸಂಶೋಧನಾ ಗ್ರಂಥಗಳು, ಹೀಗೆ ಇಂಥ ಅಂಗಡಿಗೆ ಬರುವ ಎಲ್ಲ ಬಗೆಯ ಕೆಲಸವನ್ನೂ ಇದರಲ್ಲೇ ಮಾಡಿದ್ದೇನೆ. ತಂತ್ರಾಂಶದ ಹೆಸರನ್ನಾಗಲಿ, ಅದನ್ನು ತಯಾರಿಸಿದ ಕಂಪನಿಯ ಹೆಸರನ್ನಾಗಲಿ ಇಲ್ಲಿ ಹೇಳುವುದಿಲ್ಲ. ನನಗೆ ಎದುರಾದ ತೊಂದರೆ ಆ ಒಂದು ಕಂಪನಿಯ ದೋಷ ಎನ್ನುವುದಕ್ಕಿಂತ ನಕಲು ತಡೆಯಲು ಅದು ನೆಚ್ಚಿಕೊಂಡ ಡಾಂಗಲ್ ಎಂಬ ಬೀಗದ ದೋಷ. ಅದೇ ಬಗೆಯ ಬೀಗ ಎಂಬ್ರಾಯ್ಡರಿ ವಿನ್ಯಾಸದ ತಂತ್ರಾಂಶಗಳಲ್ಲಿಯೂ, ಕಟ್ಟಡ ನಕ್ಷೆಯ ತಂತ್ರಾಂಶಗಳಲ್ಲಿಯೂ, ಕಾರ್ಖಾನೆಯ ಯಂತ್ರಗಳನ್ನು ನಡೆಸುವ ತಂತ್ರಾಂಶಗಳಲ್ಲಿಯೂ ಇದೆ. ಆದ್ದರಿಂದ ಅಕ್ಷರಗಳ ಬಗ್ಗೆ ಕಡಿಮೆ, ಬೀಗದ ಬಗ್ಗೆ ಹೆಚ್ಚು ಬರೆಯುತ್ತೇನೆ.

ಮೊದಲು ಅಕ್ಷರಗಳ ಮಾತು, ಏಕೆಂದರೆ ನಾನು ಹಣ ಕೊಟ್ಟದ್ದು ಅವುಗಳಿಗಾಗಿ. ಫಾಂಟ್‌ಗಳು ನಿಜಕ್ಕೂ ಚೆನ್ನಾಗಿವೆ. ಒತ್ತಕ್ಷರಗಳು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುವುದಿಲ್ಲ. ‘ಕ್ಷ್ಮ್ಯ’, ‘ತ್ಸ್ನ’ದಂತಹ ತೊಡಕಿನ ಜೋಡಣೆಗಳಲ್ಲಿಯೂ ಎರಡನೆಯ ಒತ್ತು ಮೊದಲನೆಯದರ ಮೇಲೆ ಹತ್ತಿ ಕೂರುವುದಿಲ್ಲ. ಹತ್ತು ಪಾಯಿಂಟಿನಲ್ಲಿ ಅಚ್ಚಾದ ಅಡಿಟಿಪ್ಪಣಿಯನ್ನು ವಯಸ್ಸಾದ ಓದುಗರು ಕನ್ನಡಕ ಸರಿಪಡಿಸಿಕೊಳ್ಳದೆ ಓದುತ್ತಾರೆ. ಟೈಪ್‌ರೈಟರ್ ಕಲಿತು ಬಂದ ಹಳೆಯ ಕೆಲಸಗಾರರಿಗೆ ಅವರ ಕೀಲಿಮಣೆಯೂ, ಹೊಸಬರಿಗೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶದಿಂದ ಎಲ್ಲರಿಗೂ ಪರಿಚಿತವಾದ ಕೀಲಿಮಣೆಯೂ ಒಂದೇ ತಂತ್ರಾಂಶದಲ್ಲಿ ಸಿಗುತ್ತಿತ್ತು. ಇದನ್ನು ಕೊಂಡ ಕಾಲದಲ್ಲಿ ನಮ್ಮ ಬಹುಪಾಲು ಕೆಲಸ ನಡೆಯುತ್ತಿದ್ದದ್ದು ಪುಟ ಜೋಡಿಸುವ ತಂತ್ರಾಂಶವಾದ ಪೇಜ್‌ಮೇಕರ್ 7ರಲ್ಲಿ. 2001ರಲ್ಲಿ ಬಂದ ಆ ಕೊನೆಯ ಆವೃತ್ತಿಗೆ ಯೂನಿಕೋಡ್ (ಎಲ್ಲ ಭಾಷೆಗಳ ಅಕ್ಷರಗಳಿಗೂ ಜಗತ್ತಿನೆಲ್ಲೆಡೆ ಒಂದೇ ಆಗಿರುವ ಸಂಕೇತ) ಗೊತ್ತೇ ಇರಲಿಲ್ಲವಾದ್ದರಿಂದ ಕನ್ನಡವನ್ನು ಅದರೊಳಗೆ ತರಬೇಕಾದರೆ ಇಂಥ ತಂತ್ರಾಂಶವಲ್ಲದೆ ಬೇರೆ ದಾರಿ ಇರಲಿಲ್ಲ. ಒಂದೊಂದು ಅಕ್ಷರದ ಬಳುಕನ್ನೂ ಕೈಯಿಂದ ತಿದ್ದಿ, ನೂರಾರು ಒತ್ತುಗಳ ಜಾಗವನ್ನು ಒಂದೊಂದಾಗಿ ಗೊತ್ತುಮಾಡಿದವರ ಶ್ರಮ ಅದರಲ್ಲಿದೆ ಎಂಬುದು ಅಕ್ಷರ ಜೋಡಿಸಿದವರಿಗೆಲ್ಲ ತಿಳಿಯುತ್ತದೆ. ಆ ಶ್ರಮಕ್ಕೆ ಬೆಲೆ ಸಲ್ಲಬೇಕು ಎಂಬ ವಿಷಯದಲ್ಲಿ ನನಗೆ ಯಾವ ಅನುಮಾನವೂ ಇಲ್ಲ. ಎರಡು ತಿಂಗಳ ಅಂಗಡಿ ಬಾಡಿಗೆಗೆ ಸಮನಾದ ಮೊತ್ತವನ್ನು ಸಂತೋಷದಿಂದಲೇ ಕೊಟ್ಟಿದ್ದೆ.

ಪೆಟ್ಟಿಗೆಯೊಳಗೆ ಸಿಡಿಯ ಜೊತೆಗೆ ಹೆಬ್ಬೆರಳಿನ ಗಾತ್ರದ ನೀಲಿ ಡಾಂಗಲ್ ಇತ್ತು. ಅದನ್ನು ಯುಎಸ್‌ಬಿ ಕಿಂಡಿಗೆ ಸಿಕ್ಕಿಸಿದರೆ ಮಾತ್ರ ತಂತ್ರಾಂಶ ತೆರೆಯುತ್ತದೆ. ಕೆಲಸದ ನಡುವೆ ಕಿತ್ತರೆ ಕೀಲಿಮಣೆ ನಿಲ್ಲುತ್ತದೆ. ಮೊದಲ ನಾಲ್ಕೈದು ವರ್ಷ ಅದು ಅಲ್ಲಿದೆ ಎಂಬುದೇ ಮರೆತುಹೋಗಿತ್ತು. ಅಂಗಡಿಯ ಕಂಪ್ಯೂಟರನ್ನು ಬದಲಿಸಿ 64 ಬಿಟ್‌ನ ವಿಂಡೋಸ್ 10 ಹಾಕಿಸಿದಾಗ ಮೊದಲ ತೊಡಕು ಬಂತು. ಡಾಂಗಲ್ ಜೊತೆ ಮಾತನಾಡುವ ಹಳೆಯ ಡ್ರೈವರ್ 32 ಬಿಟ್‌ನದು, ಅದಕ್ಕೆ ಬೇಕಾದ ಡಿಜಿಟಲ್ ಸಹಿಯೂ ಇರಲಿಲ್ಲ. ಅಂಥ ಡ್ರೈವರನ್ನು 64 ಬಿಟ್ ವಿಂಡೋಸ್ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಹೊಸ ಡ್ರೈವರ್ ಬೇಕಾದರೆ ತಂತ್ರಾಂಶದ ಹೊಸ ಆವೃತ್ತಿಯನ್ನೇ ಕೊಳ್ಳಬೇಕೆಂದು ಡೀಲರ್ ಹೇಳಿದರು. ಹೀಗಾಗಿ ವಿಂಡೋಸ್ 7 ಇದ್ದ ಹಳೆಯ ಯಂತ್ರವನ್ನು ಈ ಒಂದು ಕೆಲಸಕ್ಕಾಗಿಯೇ ಉಳಿಸಿಕೊಂಡೆ, ಮೈಕ್ರೋಸಾಫ್ಟ್ 2020ರ ಜನವರಿಯಲ್ಲಿ ವಿಂಡೋಸ್ 7ಕ್ಕೆ ಭದ್ರತಾ ಪರಿಷ್ಕರಣೆ ನಿಲ್ಲಿಸಿದ ಮೇಲೂ.

2022ರ ಮಳೆಗಾಲದಲ್ಲಿ ಡಾಂಗಲ್ ಸತ್ತಿತು. ಅಂಗಡಿಯ ಹುಡುಗ ಕುರ್ಚಿ ಎಳೆಯುವಾಗ ಅದರ ಹಿಡಿ ತಾಗಿ ಡಾಂಗಲ್ ಬಾಗಿತು, ಒಳಗಿನ ಬೆಸುಗೆ ಬಿಟ್ಟಿತು. ನಿವೃತ್ತ ಮಾಸ್ತರರೊಬ್ಬರ ಆತ್ಮಕಥನದ ಇನ್ನೂರ ನಲವತ್ತು ಪುಟಗಳು ಎರಡನೆಯ ಪ್ರೂಫ್‌ನಲ್ಲಿದ್ದವು. ಬಿಡುಗಡೆಗೆ ಹನ್ನೊಂದು ದಿನ ಉಳಿದಿತ್ತು, ಆಮಂತ್ರಣ ಪತ್ರಿಕೆಗಳು ಊರೆಲ್ಲ ಹೋಗಿದ್ದವು. ಕಂಪನಿಗೆ ಫೋನ್ ಮಾಡಿದೆ. ಕೆಟ್ಟ ಡಾಂಗಲನ್ನು ಕೊರಿಯರ್ ಮೂಲಕ ಕಳಿಸಬೇಕು, ಪರೀಕ್ಷಿಸಿ ಎರಡು ಮೂರು ವಾರಗಳಲ್ಲಿ ತಿಳಿಸುತ್ತೇವೆ, ಒಡೆದದ್ದು ಬಳಕೆದಾರರ ಕೈಯಿಂದಲೇ ಆಗಿದ್ದರೆ ಹೊಸ ಪರವಾನಗಿಯ ಬೆಲೆಯ ಬಹುಪಾಲನ್ನು ಕೊಡಬೇಕಾಗುತ್ತದೆ ಎಂಬ ಉತ್ತರ ಬಂತು. ಬಿಲ್ಲು ನನ್ನ ಹತ್ತಿರವಿತ್ತು, ಪರವಾನಗಿಯ ಸಂಖ್ಯೆ ಅವರ ದಾಖಲೆಯಲ್ಲಿತ್ತು, ಆದರೆ ಅವರ ಲೆಕ್ಕದಲ್ಲಿ ಗ್ರಾಹಕನೆಂದರೆ ಆ ಪ್ಲಾಸ್ಟಿಕ್ ತುಂಡು.

ಸಂಜೆ ಮಾಸ್ತರರು ಬಂದು, “ಏನ್ರಿ, ನಮ್ಮ ಪುಸ್ತಕ ಎಲ್ಲಿಗಿ ಬಂತ್ರಿ?” ಎಂದು ಕೇಳಿದಾಗ ನಡೆದದ್ದನ್ನು ಹೇಳಬೇಕಾಯಿತು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ರೊಕ್ಕಾ ಕೊಟ್ಟ ತಗೊಂಡೀರಿ ಅಂದಮ್ಯಾಲ ಅದು ನಿಮ್ದಽ ಅಲ್ಲೇನ್ರಿ?” ಎಂದರು. ನನಗೆ ಉತ್ತರ ತೋಚಲಿಲ್ಲ. ಅದೇ ರಸ್ತೆಯಲ್ಲಿ ಇನ್ನೆರಡು ಅಂಗಡಿಗಳಲ್ಲಿ ಅದೇ ತಂತ್ರಾಂಶದ ಬೀಗ ಮುರಿದ ಪ್ರತಿ ಡಾಂಗಲ್ ಇಲ್ಲದೆ, ಹೊಸ ವಿಂಡೋಸ್ ಮೇಲೆಯೇ ಓಡುತ್ತಿತ್ತು. ಕೆಲವು ನೂರು ರೂಪಾಯಿಗೆ ಅದನ್ನು ನನ್ನ ಯಂತ್ರಕ್ಕೂ ಹಾಕಿಕೊಡುತ್ತೇನೆಂದು ಒಬ್ಬರು ಮುಂದೆ ಬಂದರು. ನಾನು ಒಪ್ಪಲಿಲ್ಲ. ಹುಬ್ಬಳ್ಳಿಯಲ್ಲಿ ಅದೇ ತಂತ್ರಾಂಶವನ್ನು ಕೊಂಡಿದ್ದ ಗೆಳೆಯನ ಅಂಗಡಿ ಮುಚ್ಚಿದ ಮೇಲೆ, ರಾತ್ರಿ ಒಂಬತ್ತರಿಂದ ಎರಡರವರೆಗೆ, ಅವನ ಯಂತ್ರದಲ್ಲಿ ಆರು ರಾತ್ರಿ ಕೂತು ಪುಸ್ತಕ ಮುಗಿಸಿದೆ. ಹಣ ಕೊಟ್ಟ ನಾನು ಬಸ್ಸಿನಲ್ಲಿ ಪೆನ್‌ಡ್ರೈವ್ ಹಿಡಿದು ಓಡಾಡುತ್ತಿದ್ದಾಗ ಹಣ ಕೊಡದವರು ಎಂದಿನ ಹೊತ್ತಿಗೆ ಬಾಗಿಲು ಹಾಕಿ ಮನೆಗೆ ಹೋಗುತ್ತಿದ್ದರು. ಯಾರನ್ನು ತಡೆಯಲು ಹಾಕಿದ ಬೀಗ ಯಾರನ್ನು ತಡೆಯಿತು ಎಂಬ ಪ್ರಶ್ನೆ ಆ ಆರು ರಾತ್ರಿಗಳಲ್ಲಿ ನನ್ನನ್ನು ಹಿಡಿದುಕೊಂಡಿತು. ಆಮೇಲೆ ಈ ಬೀಗಗಳು ಹೇಗೆ ಕೆಲಸ ಮಾಡುತ್ತವೆಂದು ಓದಿ ತಿಳಿದುಕೊಂಡೆ, ಎಂಜಿನಿಯರಿಂಗ್ ಓದಿದ ಅಳಿಯನನ್ನು ಕೂರಿಸಿಕೊಂಡು ಅರ್ಥವಾಗುವವರೆಗೆ ಕೇಳಿದೆ.

ಡಾಂಗಲ್ ಒಳಗಿರುವುದು ಒಂದು ಪುಟ್ಟ ಚಿಪ್, ಅದರಲ್ಲೊಂದು ಗುಟ್ಟಿನ ಸಂಖ್ಯೆ. ತಂತ್ರಾಂಶ ಅದಕ್ಕೊಂದು ಪ್ರಶ್ನೆ ಕಳಿಸುತ್ತದೆ, ಚಿಪ್ ಆ ಗುಟ್ಟನ್ನು ಬಳಸಿ ಉತ್ತರ ಲೆಕ್ಕ ಹಾಕಿ ಕಳಿಸುತ್ತದೆ, ಉತ್ತರ ಸರಿಯಿದ್ದರೆ ತಂತ್ರಾಂಶ ಮುಂದುವರಿಯುತ್ತದೆ. ಒಳ್ಳೆಯ ಡಾಂಗಲ್‌ನ ಚಿಪ್ಪಿನಿಂದ ಗುಟ್ಟನ್ನು ಹೊರತೆಗೆಯುವುದು ನಿಜವಾಗಿಯೂ ಕಷ್ಟ, ಮಾರುವವರು ಒತ್ತಿ ಹೇಳುವುದೂ ಇದನ್ನೇ. ಆದರೆ ಬೀಗ ಮುರಿಯುವವನು ಚಿಪ್ಪಿನ ತಂಟೆಗೆ ಹೋಗಬೇಕಾಗಿಯೇ ಇಲ್ಲ. ಪ್ರಶ್ನೆ ಕೇಳುವ, ಉತ್ತರವನ್ನು ತಾಳೆ ನೋಡುವ, ಸರಿಯೋ ತಪ್ಪೋ ಎಂದು ತೀರ್ಮಾನಿಸುವ ಭಾಗವೆಲ್ಲ ಇರುವುದು ಅವನದೇ ಕಂಪ್ಯೂಟರಿನ ಹಾರ್ಡ್‌ಡಿಸ್ಕ್‌ನಲ್ಲಿ, ಅವನ ಕೈಯಳತೆಯಲ್ಲಿ. ನಮ್ಮ ಕಂಪ್ಯೂಟರುಗಳಲ್ಲಿರುವ ಇಂಟೆಲ್ ಬಗೆಯ ಪ್ರೊಸೆಸರ್‌ಗಳಲ್ಲಿ ‘ಹೋಲಿಕೆ ತಪ್ಪಿದ್ದರೆ ಮಾತ್ರ ಆ ಜಾಗಕ್ಕೆ ಜಿಗಿ’ ಎಂಬ ಚಿಕ್ಕ ಆದೇಶವನ್ನು 75 ಎಂಬ ಬೈಟ್ (ಯಂತ್ರ ಓದುವ ಒಂದು ಪುಟ್ಟ ಸಂಕೇತ) ಸೂಚಿಸುತ್ತದೆ, ‘ಏನೇ ಇರಲಿ, ಜಿಗಿ’ ಎಂಬುದನ್ನು ಇಬಿ ಎಂಬ ಬೈಟ್ ಸೂಚಿಸುತ್ತದೆ. ತೀರಾ ಸರಳವಾದ ಬೀಗವಾದರೆ ಸರಿಯಾದ ಜಾಗದಲ್ಲಿ ಆ ಒಂದು ಬೈಟನ್ನು ಬದಲಿಸಿದರೆ ಮುಗಿಯಿತು. ಡಾಂಗಲ್ ಇದೆಯೋ ಇಲ್ಲವೋ ಎಂಬ ಉತ್ತರಕ್ಕೆ ಮುಂದೆ ಬೆಲೆಯೇ ಇರುವುದಿಲ್ಲ. ಆ ಜಾಗವನ್ನು ಹುಡುಕಲು ಬೇಕಾದ ಡಿಬಗ್ಗರ್ ಎಂಬ ಸಾಧನವಾದರೋ ತಂತ್ರಾಂಶ ಬರೆಯುವವರೇ ತಮ್ಮ ತಪ್ಪು ಹುಡುಕಿಕೊಳ್ಳಲು ದಿನನಿತ್ಯ ಬಳಸುವಂಥದ್ದು. ಆದೇಶಗಳನ್ನು ಒಂದೊಂದಾಗಿ ನಡೆಸಿ, ನಡುವೆ ನಿಲ್ಲಿಸಿ, ಯಂತ್ರದ ನೆನಪಿನಲ್ಲಿ (ಮೆಮೊರಿಯಲ್ಲಿ) ಏನಿದೆಯೆಂದು ನೋಡಲು ಅದು ಬಿಡುತ್ತದೆ.

ಬೀಗ ಮಾಡುವವರು ಇದನ್ನು ಅರಿಯದವರಲ್ಲ. ಒಂದು ಪರೀಕ್ಷೆಯ ಬದಲು ನೂರು ಕಡೆ ಪರೀಕ್ಷೆ ಇಡುತ್ತಾರೆ. ಯಾರಾದರೂ ಬೈಟ್ ಬದಲಿಸಿದ್ದಾರೆಯೇ ಎಂದು ತಂತ್ರಾಂಶ ತನ್ನನ್ನು ತಾನೇ ಕೂಡಿ ಕಳೆದು ನೋಡಿಕೊಳ್ಳುವಂತೆ ಮಾಡುತ್ತಾರೆ. ಮೋಸ ಗೊತ್ತಾದ ಕೂಡಲೇ ನಿಲ್ಲದೆ, ಎಲ್ಲೋ ಮುಂದೆ ಹೋಗಿ ಕೆಡುವಂತೆ ಮಾಡುತ್ತಾರೆ. ಪ್ಲೇಸ್ಟೇಷನ್ ಎಂಬ ಆಟದ ಯಂತ್ರಕ್ಕೆ 2000ದಲ್ಲಿ ಬಂದ ಸ್ಪೈರೋ ಸರಣಿಯ ಮೂರನೆಯ ಆಟದಲ್ಲಿ ಇಂಥ ಪದರ ಪದರದ ಕಾವಲನ್ನು ಬಹಳ ಶ್ರದ್ಧೆಯಿಂದ ಹೆಣೆದಿದ್ದರು, ಅದು ತಡೆದದ್ದು ಎರಡು ತಿಂಗಳಿಗಿಂತ ಸ್ವಲ್ಪ ಹೆಚ್ಚು ಕಾಲ. ಬಿಡುಗಡೆಯಾದ ಮೊದಲ ವಾರಗಳಲ್ಲೇ ಮಾರಾಟದ ಬಹುಪಾಲು ನಡೆದುಹೋಗುವ ಆಟಕ್ಕೆ ಎರಡು ತಿಂಗಳು ದೊಡ್ಡ ಗೆಲುವು. ಕನ್ನಡ ಫಾಂಟ್ ತಂತ್ರಾಂಶ ಹಾಗಲ್ಲ, ಅದು ಹತ್ತು ಹದಿನೈದು ವರ್ಷ ನಿಧಾನವಾಗಿ ಮಾರಾಟವಾಗುವ ಸರಕು. ಎರಡು ತಿಂಗಳು ಹಿಡಿಯುವ ಬೀಗದಿಂದ ಅದಕ್ಕೆ ಸಿಗುವ ಲಾಭ ಎಷ್ಟು ಎಂದು ತಯಾರಕರೇ ಲೆಕ್ಕ ಹಾಕಬೇಕು.

ಇಡೀ ತಂತ್ರಾಂಶವನ್ನೇ ಗೂಢಲಿಪಿಯಲ್ಲಿಟ್ಟು, ಬಿಡಿಸುವ ಕೀಲಿಯನ್ನು ಡಾಂಗಲ್‌ನಲ್ಲಿಡುವುದು ಮುಂದಿನ ಉಪಾಯ. ಬ್ಯಾಂಕಿನ ವಹಿವಾಟನ್ನು ಕಾಯುವ ಗೂಢಲಿಪಿಯೇ ಇಲ್ಲಿಯೂ ಇರುವುದರಿಂದ ಇದು ಭದ್ರವಾದದ್ದೆಂದು ಅನ್ನಿಸುವುದು ಸಹಜ. ವ್ಯತ್ಯಾಸವಿರುವುದು ಗೂಢಲಿಪಿಯಲ್ಲಲ್ಲ, ಯಾರಿಂದ ಮುಚ್ಚಿಡುತ್ತೇವೆ ಎಂಬುದರಲ್ಲಿ. ನಾನು ಬ್ಯಾಂಕಿಗೆ ಕಳಿಸುವ ಸಂದೇಶವನ್ನು ನಡುವೆ ಕದ್ದು ಕೇಳುವ ಮೂರನೆಯವನಿಂದ ಮುಚ್ಚಿಡಬೇಕು. ಅವನ ಬಳಿ ಕೀಲಿ ಇಲ್ಲ. ಇಲ್ಲಿ ಮೂರನೆಯವನೇ ಇಲ್ಲ. ಸಂದೇಶ ತಲುಪಬೇಕಾದವನೂ ನಾನೇ, ಯಾರಿಂದ ಮುಚ್ಚಿಡಬೇಕೋ ಅವನೂ ನಾನೇ. ತಂತ್ರಾಂಶ ಓಡಬೇಕೆಂದರೆ ಪ್ರೊಸೆಸರ್ ಅದನ್ನು ಬಿಡಿಸಿದ ರೂಪದಲ್ಲಿಯೇ ಓದಬೇಕು. ಬಿಡಿಸಿದ ರೂಪ ನನ್ನ ಯಂತ್ರದ ನೆನಪಿನಲ್ಲಿ ಬರಲೇಬೇಕು. ನೆನಪಿನಲ್ಲಿರುವುದನ್ನು ಡಿಸ್ಕ್‌ಗೆ ಬರೆದುಕೊಳ್ಳಲು ನನ್ನದೇ ಯಂತ್ರದಲ್ಲಿ ಯಾರ ಅಪ್ಪಣೆಯೂ ಬೇಕಿಲ್ಲ. ಇನ್ನೊಂದು ದಾರಿ ಇನ್ನೂ ಸುಲಭದ್ದು. ತಂತ್ರಾಂಶ ಡಾಂಗಲನ್ನು ತಾನೇ ಕಣ್ಣಾರೆ ಕಾಣುವುದಿಲ್ಲ, ‘ಯುಎಸ್‌ಬಿಯಲ್ಲಿ ಇಂಥದ್ದೊಂದು ಇದೆಯೇ’ ಎಂದು ಆಪರೇಟಿಂಗ್ ಸಿಸ್ಟಮ್ ಅನ್ನು ಕೇಳುತ್ತದೆ. ನಿಜವಾದ ಡಾಂಗಲ್ ಕೊಡುವ ಉತ್ತರಗಳನ್ನು ಒಮ್ಮೆ ಬರೆದಿಟ್ಟುಕೊಂಡು, ಅದರ ಸ್ಥಾನದಲ್ಲಿ ಕೂತು ಅವೇ ಉತ್ತರಗಳನ್ನು ಒಪ್ಪಿಸುವ ಸುಳ್ಳು ಡ್ರೈವರನ್ನು ಹಾಕಿದರೆ ಪಾಪ, ಕೇಳಿದ ಪ್ರಶ್ನೆಗಳನ್ನೇ ಮತ್ತೆ ಮತ್ತೆ ಕೇಳುವ ತಂತ್ರಾಂಶಕ್ಕೆ ವ್ಯತ್ಯಾಸ ತಿಳಿಯುವ ಯಾವ ಉಪಾಯವೂ ಇಲ್ಲ.

ಈ ಸುಳ್ಳು ಸಾಕ್ಷಿಯ ಕಥೆ ಡಾಂಗಲ್‌ನಷ್ಟೇ ಹಳೆಯದು. ಮೊದಲ ಡಾಂಗಲ್‌ಗಳಲ್ಲೊಂದು 1980ರಲ್ಲಿ ಬ್ರಿಟನ್ನಿನಲ್ಲಿ, ಕಮೊಡೋರ್ ಪೆಟ್ ಯಂತ್ರದ ವರ್ಡ್‌ಕ್ರಾಫ್ಟ್ ಎಂಬ ಬರಹದ ತಂತ್ರಾಂಶದ ಜೊತೆ ಬಂತು; ಅಂದರೆ ಈ ಸಾಧನ ಹುಟ್ಟಿದ್ದೇ ನಮ್ಮಂತೆ ಅಕ್ಷರ ಜೋಡಿಸುವವರ ಮೇಜಿನ ಮೇಲೆ. ಅದೇ ದಶಕದಲ್ಲಿ ಅಮೆರಿಕದ ವಾಲ್ಟ್ ಎಂಬ ಕಂಪನಿ ಪ್ರೋಲಾಕ್ ಎಂಬ ಫ್ಲಾಪಿಗಳನ್ನು ಮಾರುತ್ತಿತ್ತು. ಅವುಗಳ ಮೈಮೇಲೆಯೇ ಬೆರಳಚ್ಚಿನಂತೆ ಒಂದು ಗುರುತು ಇರುತ್ತಿತ್ತು, ಗುರುತನ್ನು ನಕಲು ಮಾಡಲಾಗುತ್ತಿರಲಿಲ್ಲ. ಕ್ವೈಡ್ ಎಂಬ ಇನ್ನೊಂದು ಕಂಪನಿ ಗುರುತನ್ನು ನಕಲು ಮಾಡುವ ಗೋಜಿಗೇ ಹೋಗದೆ, ಗುರುತಿರುವ ಫ್ಲಾಪಿ ಡ್ರೈವ್‌ನಲ್ಲಿದೆ ಎಂದು ಕಂಪ್ಯೂಟರನ್ನು ನಂಬಿಸುವ ರಾಮ್‌ಕೀ ಎಂಬ ಸೌಲಭ್ಯ ತಯಾರಿಸಿತು. ವ್ಯಾಜ್ಯ ಮೇಲ್ಮನವಿ ನ್ಯಾಯಾಲಯದವರೆಗೆ ಹೋಗಿ, 1988ರಲ್ಲಿ ತೀರ್ಪು ಕ್ವೈಡ್ ಪರವಾಗಿ ಬಂತು. ಕೊಂಡವರು ಸುರಕ್ಷತೆಗಾಗಿ ಪ್ರತಿ ಇಟ್ಟುಕೊಳ್ಳುವ ಹಕ್ಕಿಗೂ ಇಂಥ ಸಾಧನ ಬೇಕಾಗುತ್ತದೆ ಎಂಬುದನ್ನು ನ್ಯಾಯಾಲಯ ಒಪ್ಪಿತು. ಲೋಟಸ್ 1-2-3ರಂತಹ ಕಚೇರಿ ತಂತ್ರಾಂಶಗಳು ಕೂಡ ಮೊದಲು ಕೀಲಿ ಫ್ಲಾಪಿಯನ್ನು ಕೇಳುತ್ತಿದ್ದವು. ಹಾರ್ಡ್‌ಡಿಸ್ಕ್ ಬಂದ ಮೇಲೂ ಪ್ರತಿಸಲ ಫ್ಲಾಪಿ ಸಿಕ್ಕಿಸಬೇಕಾದ ಕಚೇರಿಗಳ ಬೇಸರಕ್ಕೆ ಮಣಿದು, ಆ ದಶಕ ಮುಗಿಯುವ ಹೊತ್ತಿಗೆ ದೊಡ್ಡ ಕಂಪನಿಗಳು ಅದನ್ನು ಕೈಬಿಟ್ಟವು. ಆಟದ ಯಂತ್ರಗಳಂತೆ ಯಂತ್ರವನ್ನೂ ತಾವೇ ತಯಾರಿಸುವವರ ಸ್ಥಿತಿ ಇದಕ್ಕಿಂತ ಉತ್ತಮವಾಗಿದೆಯಾದರೂ, ಒಮ್ಮೆ ಮನೆಗೆ ಹೋದ ಯಂತ್ರ ಮನೆಯವರದೇ. ಮೈಕ್ರೋಸಾಫ್ಟ್‌ನ ಮೊದಲ ಎಕ್ಸ್‌ಬಾಕ್ಸ್‌ನಲ್ಲಿ ಗುಟ್ಟಿನ ಕೀಲಿ ಒಂದು ಚಿಪ್ಪಿನ ಒಳಗೆ ಅಡಗಿತ್ತು. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಆಂಡ್ರ್ಯೂ ಹುವಾಂಗ್, ಎರಡು ಚಿಪ್‌ಗಳ ನಡುವಿನ ತಂತಿಗಳ ಮೇಲೆ ಹರಿಯುವುದನ್ನು ಆಲಿಸಿ 2002ರಲ್ಲಿ ಅದನ್ನು ಹೊರತೆಗೆದರು.

ಡಾಂಗಲ್‌ಗಳಲ್ಲಿ ನಿಜವಾಗಿ ಗಟ್ಟಿಯಾದ ಒಂದು ಬಗೆಯಿದೆ, ನ್ಯಾಯವಾಗಿ ಅದನ್ನೂ ಹೇಳಬೇಕು. ತಂತ್ರಾಂಶದ ಒಂದು ತುಣುಕನ್ನು ಗ್ರಾಹಕರ ಕಂಪ್ಯೂಟರಿಗೆ ಕೊಡದೆ ಡಾಂಗಲ್ ಚಿಪ್ಪಿನೊಳಗೆ ಮಾತ್ರ ಓಡಿಸುವುದು ಅದರ ಕ್ರಮ. ಹಾಗೆ ಮಾಡಿದಾಗ ಕದಿಯಲು ಬೇಕಾದ ವಸ್ತುವೇ ಎದುರಿಗಿರುವುದಿಲ್ಲ. ಆದರೆ ಆ ಚಿಪ್ ಬಹಳ ನಿಧಾನದ್ದು, ಬಹಳ ಚಿಕ್ಕದು. ಅಕ್ಷರಜೋಡಣೆಯಂತೆ ಪ್ರತಿ ಕೀಲಿ ಒತ್ತಿಗೂ ತಕ್ಷಣ ಪರದೆಯ ಮೇಲೆ ಫಲ ಕಾಣಬೇಕಾದ ಕೆಲಸವನ್ನು ಅದರೊಳಗೆ ತುಂಬಲಾಗದು. ಅದಕ್ಕಿಂತ ಮುಖ್ಯವಾಗಿ, ಈ ತಂತ್ರಾಂಶದಲ್ಲಿ ಕೊಂಡುಕೊಳ್ಳಲು ಯೋಗ್ಯವಾದದ್ದು ಫಾಂಟ್. ಫಾಂಟ್ ನನ್ನ ಪರದೆಯ ಮೇಲೆ ಮೂಡಬೇಕಾದರೆ ನನ್ನ ಯಂತ್ರಕ್ಕೆ ಬರಲೇಬೇಕು.

ಒಬ್ಬನು ಒಮ್ಮೆ ಮುರಿದರೆ ಸಾಕು ಎಂಬುದು ಈ ಲೆಕ್ಕದ ಅತ್ಯಂತ ಕಠಿಣ ಭಾಗ. ಮನೆಯ ಬೀಗ ಮುರಿಯುವ ಕಳ್ಳ ಪ್ರತಿ ಮನೆಗೂ ಹೊಸದಾಗಿ ಶ್ರಮಪಡಬೇಕು. ತಂತ್ರಾಂಶದ ಬೀಗವನ್ನು ಎಲ್ಲೋ ಒಬ್ಬ ಜಾಣ ಮೂರು ತಿಂಗಳು ಕೂತು ಮುರಿದರೆ, ಧಾರವಾಡದಲ್ಲಿರುವ, ಡಿಬಗ್ಗರ್ ಎಂಬ ಹೆಸರನ್ನೇ ಕೇಳದ ವ್ಯಕ್ತಿ ಅದನ್ನು ಪೆನ್‌ಡ್ರೈವ್‌ನಲ್ಲಿ ತಂದು ಹಾಕಿಕೊಳ್ಳುತ್ತಾನೆ. ಮೈಕ್ರೋಸಾಫ್ಟ್‌ನಲ್ಲೇ ಕೆಲಸ ಮಾಡುತ್ತಿದ್ದ ನಾಲ್ವರು 2002ರಲ್ಲಿ ಬರೆದ ಪ್ರಬಂಧವೊಂದರಲ್ಲಿ ಇದನ್ನು ಬಿಚ್ಚಿಟ್ಟಿದ್ದರು: ಒಂದಾದರೂ ಬೀಗವಿಲ್ಲದ ಪ್ರತಿ ಹೊರಬಿದ್ದು ಜನರ ನಡುವೆ ಹರಿದಾಡತೊಡಗಿದರೆ, ಬೀಗವಿರುವ ಸರಕು ಬೀಗವಿಲ್ಲದ ಅದೇ ಸರಕಿನೊಡನೆ ಪೈಪೋಟಿ ನಡೆಸಬೇಕಾಗುತ್ತದೆ, ಆಗ ಬೀಗ ಹಾಕಿದವರ ಸರಕೇ ಗ್ರಾಹಕರಿಗೆ ಅನನುಕೂಲದ್ದಾಗಿ ಕಾಣುತ್ತದೆ. ನಮ್ಮ ರಸ್ತೆಯ ಮೂರು ಅಂಗಡಿಗಳಲ್ಲಿ ನಾನು ಕಂಡದ್ದು ಅಕ್ಷರಶಃ ಇದೇ.

ಬೀಗದಿಂದ ಇನ್ನೊಂದು ಅಪಾಯವೂ ಇದೆ, ನನಗೆ ಗೊತ್ತಿರುವಂತೆ ಯಾವ ಡೀಲರೂ ಇದನ್ನು ಗ್ರಾಹಕರಿಗೆ ಹೇಳುವುದಿಲ್ಲ. ಡಾಂಗಲ್ ಜೊತೆ ಬರುವ ಡ್ರೈವರ್ ಮತ್ತು ಸೇವಾ ತಂತ್ರಾಂಶಗಳು ಕಂಪ್ಯೂಟರಿನಲ್ಲಿ ಅತಿ ಹೆಚ್ಚಿನ ಅಧಿಕಾರದೊಡನೆ ಓಡುತ್ತವೆ. ಜಗತ್ತಿನಾದ್ಯಂತ ಬಳಕೆಯಲ್ಲಿರುವ ಹ್ಯಾಸ್ಪ್ ಬಗೆಯ ಡಾಂಗಲ್‌ಗಳ ಇಂಥ ಸೇವಾ ತಂತ್ರಾಂಶದಲ್ಲಿ 14 ಭದ್ರತಾ ದೋಷಗಳನ್ನು ಕಂಡುಹಿಡಿದಿರುವುದಾಗಿ ಕ್ಯಾಸ್ಪರ್‌ಸ್ಕಿ ಸಂಸ್ಥೆಯ ತಜ್ಞರು 2018ರ ಜನವರಿಯಲ್ಲಿ ಪ್ರಕಟಿಸಿದರು. ಡಾಂಗಲನ್ನು ಮೊದಲ ಸಲ ಸಿಕ್ಕಿಸಿ ಡ್ರೈವರ್ ಹಾಕಿಕೊಂಡಾಗ ಆ ತಂತ್ರಾಂಶ 1947 ಎಂಬ ಪೋರ್ಟನ್ನು (ಬೇರೆ ಯಂತ್ರಗಳು ಒಳಗೆ ಮಾತನಾಡಲು ಬಳಸುವ ಬಾಗಿಲನ್ನು) ವಿಂಡೋಸ್ ಫೈರ್‌ವಾಲ್‌ನಲ್ಲಿ ತೆರೆದುಕೊಳ್ಳುತ್ತಿತ್ತು, ಡಾಂಗಲ್ ಕಿತ್ತ ಮೇಲೂ ಅದು ತೆರೆದೇ ಇರುತ್ತಿತ್ತು. ತಯಾರಕರು ಆ ದೋಷಗಳನ್ನು ಸರಿಪಡಿಸಿದರು. ಆದರೂ ಬೇಲಿಯೇ ಎದ್ದು ಹೊಲ ಮೇಯುವ ಸಾಧ್ಯತೆಯನ್ನು ಹೊತ್ತು ತಿರುಗಬೇಕಾದವರು ಬೀಗ ಮುರಿದ ಪ್ರತಿ ಬಳಸುವವರಲ್ಲ, ಬೆಲೆ ತೆತ್ತು ಕೊಂಡವರು ಎಂಬುದು ಇಲ್ಲಿಯೂ ಸತ್ಯ. (ಬೀಗ ಮುರಿದ ಪ್ರತಿಗಳ ಜೊತೆ ವೈರಸ್ ಬರುವ ಅಪಾಯ ಬೇರೆಯೇ ಇದೆ, ಅದನ್ನು ಸಣ್ಣದೆಂದು ನಾನು ಹೇಳುತ್ತಿಲ್ಲ.)

ಕಾನೂನು ಏನು ಹೇಳುತ್ತದೆ ಎಂಬುದನ್ನೂ ಪ್ರತಿ ಅಂಗಡಿಯವರು ತಿಳಿದಿರುವುದು ಒಳ್ಳೆಯದು. ನಮ್ಮ ಕೃತಿಸ್ವಾಮ್ಯ ಕಾಯ್ದೆಗೆ 2012ರ ತಿದ್ದುಪಡಿಯಲ್ಲಿ ಸೇರಿದ 65ಎ ಕಲಮಿನಂತೆ, ಕೃತಿಯ ಹಕ್ಕುಗಳನ್ನು ಉಲ್ಲಂಘಿಸುವ ಉದ್ದೇಶದಿಂದ ಇಂಥ ತಾಂತ್ರಿಕ ರಕ್ಷಣೆಯನ್ನು ಮುರಿಯುವವರಿಗೆ ಎರಡು ವರ್ಷಗಳವರೆಗೆ ಸೆರೆವಾಸ ಮತ್ತು ದಂಡ ವಿಧಿಸಬಹುದು. ಉದ್ದೇಶ ಎಂಬ ಪದ ಅಲ್ಲಿ ಸ್ಪಷ್ಟವಾಗಿದೆ. ನಕಲು ಪ್ರತಿಯೆಂದು ತಿಳಿದೂ ತಂತ್ರಾಂಶ ಬಳಸುವುದು 63ಬಿ ಕಲಮಿನ ಪ್ರಕಾರ ಬೇರೆಯೇ ಅಪರಾಧ, ಮತ್ತು ಅದಕ್ಕೆ ಮೂರು ವರ್ಷಗಳವರೆಗೆ ಸೆರೆವಾಸ ಆಗಬಹುದು. ಇನ್ನೊಂದು ಕಡೆ, ನ್ಯಾಯವಾಗಿ ತಂತ್ರಾಂಶ ಪಡೆದವರು ನಷ್ಟ ಅಥವಾ ಹಾನಿಯ ವಿರುದ್ಧ ರಕ್ಷಣೆಗಾಗಿ ಪ್ರತಿ ಮಾಡಿಟ್ಟುಕೊಳ್ಳುವುದನ್ನು 52ನೆಯ ಕಲಮು ಉಲ್ಲಂಘನೆಯೆಂದು ಎಣಿಸುವುದಿಲ್ಲ. ಸಿಡಿಯ ಪ್ರತಿ ಇಟ್ಟುಕೊಳ್ಳಲು ಕಾನೂನು ನನಗೆ ಬಿಡುತ್ತದೆ. ಡಾಂಗಲ್ ಇಲ್ಲದೆ ಆ ಪ್ರತಿಯಿಂದ ಒಂದು ಅಕ್ಷರವನ್ನೂ ಜೋಡಿಸಲಾಗದು. ಬೀಗ ಮುರಿಯುವುದನ್ನು 1998ರಲ್ಲೇ ನಿಷೇಧಿಸಿದ ಅಮೆರಿಕದಲ್ಲಿ, ಕೆಟ್ಟುಹೋದ ಮತ್ತು ಬದಲಿ ಸಿಗದಷ್ಟು ಹಳತಾದ ಡಾಂಗಲ್‌ಗಳ ತಂತ್ರಾಂಶಕ್ಕೆ 2003ರಲ್ಲಿ ವಿನಾಯಿತಿ ಕೊಟ್ಟು, 2006 ಮತ್ತು 2010ರಲ್ಲಿ ಅದನ್ನು ಮುಂದುವರಿಸಿದರು. ಅದರ ಹಿಂದಿನ ವಿವೇಕವನ್ನು ನಾನು ಮೆಚ್ಚುತ್ತೇನೆ: ಕೊಂಡವನ ಹಕ್ಕು ಪ್ಲಾಸ್ಟಿಕ್‌ನ ಆಯುಷ್ಯಕ್ಕಿಂತ ದೊಡ್ಡದು.

ತಯಾರಕರೂ ಹೀಗೆ ಯೋಚಿಸಬಲ್ಲರು. ತನ್ನ ಸಿಎಸ್2 ಆವೃತ್ತಿಯ ತಂತ್ರಾಂಶಗಳನ್ನು ಇಂಟರ್ನೆಟ್ ಮೂಲಕ ಮಾನ್ಯಮಾಡುತ್ತಿದ್ದ ಸರ್ವರ್‌ಗಳನ್ನು ನಿಲ್ಲಿಸಿದಾಗ, ಕೊಂಡವರು ಅತಂತ್ರರಾಗಬಾರದೆಂದು ಫೋಟೋಶಾಪ್ ತಯಾರಿಸುವ ಅಡೋಬಿ ಕಂಪನಿ 2013ರ ಸುಮಾರಿಗೆ ಮಾನ್ಯತೆಯೇ ಬೇಕಿಲ್ಲದ ಪ್ರತಿಗಳನ್ನು ತನ್ನ ತಾಣದಲ್ಲೇ ಒದಗಿಸಿತು. ನನ್ನ ತಂತ್ರಾಂಶದ ತಯಾರಕರು ಹತ್ತು ವರ್ಷ ಹಳೆಯ ಆವೃತ್ತಿಗೆ ಇಷ್ಟನ್ನು ಮಾಡಿದ್ದರೆ ಅವರಿಗೆ ಒಂದು ರೂಪಾಯಿಯೂ ನಷ್ಟವಾಗುತ್ತಿರಲಿಲ್ಲ, ಏಕೆಂದರೆ ಆ ಆವೃತ್ತಿಯ ಬೀಗ ಮುರಿದು ಆಗಲೇ ವರ್ಷಗಳು ಕಳೆದಿದ್ದವು. ಬದಲಿ ಡಾಂಗಲ್‌ಗಾಗಿ ಅವರು ಕೇಳಿದ ಹಣವನ್ನು ಕೊನೆಗೆ ಕೊಟ್ಟೆ. ಅದು ತಲುಪಿದ್ದು ಪುಸ್ತಕ ಬಿಡುಗಡೆಯಾಗಿ ಇಪ್ಪತ್ತೈದು ದಿನಗಳಾದ ಮೇಲೆ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಬೀಗ ಡಾಂಗಲ್ ಅಲ್ಲ, ಫಾಂಟ್‌ನ ಒಳಗಿನ ಸಂಕೇತ. ಆ ಕಾಲದ ಪ್ರತಿ ಕಂಪನಿಯೂ ಕನ್ನಡದ ಅಕ್ಷರ, ಕೊಂಬು, ಒತ್ತು, ದೀರ್ಘಗಳ ತುಣುಕುಗಳನ್ನು ಇಂಗ್ಲಿಷಿಗೆ ಮೀಸಲಾದ 256 ಮನೆಗಳಲ್ಲಿ ತನಗೆ ತೋಚಿದ ಕ್ರಮದಲ್ಲಿ ತುಂಬಿತು. ಆದ್ದರಿಂದ ಆ ಕಂಪನಿಯ ಫಾಂಟ್ ಇಲ್ಲದೆ ಕಡತ ತೆರೆದರೆ ಕಾಣುವುದು ಅರ್ಥವಿಲ್ಲದ ರೋಮನ್ ಅಕ್ಷರಗಳ ಸಂತೆ. ಮಾಸ್ತರರ ಆತ್ಮಕಥನವನ್ನು ತಂತ್ರಾಂಶದ ಬೀಗ ನನ್ನಿಂದ ಕೆಲವು ದಿನ ದೂರವಿಟ್ಟರೆ, ಈ ಸಂಕೇತದ ಬೀಗ ಲೇಖಕರನ್ನೇ ಅವರ ಬರಹದಿಂದ ಶಾಶ್ವತವಾಗಿ ದೂರವಿಡುತ್ತದೆ. ಯೂನಿಕೋಡ್‌ಗೆ ಪರಿವರ್ತಿಸುವ ಉಪಕರಣಗಳು ಇವೆ. ಆದರೆ ಅರ್ಕಾವೊತ್ತು ಹಳೆಯ ಸಂಕೇತದಲ್ಲಿ ಕಣ್ಣಿಗೆ ಕಾಣುವಂತೆ ಅಕ್ಷರದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ ಉಚ್ಚಾರದಂತೆ ಮೊದಲೇ ಬರುತ್ತದೆ, ಹೀಗಾಗಿ ‘ಧರ್ಮ’, ‘ಸೂರ್ಯ’, ‘ಕರ್ತೃತ್ವ’ಗಳನ್ನು ಒಂದೊಂದಾಗಿ ನೋಡಿಯೇ ತಿದ್ದಬೇಕಾಗುತ್ತದೆ.

ಈಗ ನನ್ನ ಹೊಸ ಕೆಲಸವೆಲ್ಲ ಯೂನಿಕೋಡ್‌ನಲ್ಲಿ. ಪುಟ ಜೋಡಿಸುವ ಇನ್‌ಡಿಸೈನ್ ತಂತ್ರಾಂಶ ಕನ್ನಡವನ್ನು ಸರಿಯಾಗಿ ಜೋಡಿಸುತ್ತದೆ, ಉಚಿತವಾದ ಸ್ಕ್ರೈಬಸ್ ಕೂಡ ಈಚಿನ ಆವೃತ್ತಿಗಳಲ್ಲಿ ಜೋಡಿಸುತ್ತದೆ. ನೋಟೋ, ತಿರೋ ಕನ್ನಡ, ಬಾಲೂ ತಮ್ಮ, ಹುಬ್ಬಳ್ಳಿಯಂತಹ ಫಾಂಟ್‌ಗಳನ್ನು ಯಾರು ಬೇಕಾದರೂ ನಕಲು ಮಾಡಿ ಹಂಚಬಹುದು. ಪುಸ್ತಕದ ಒಳಪುಟಕ್ಕೆ ತಿರೋ ಕನ್ನಡ ನನ್ನ ಹಳೆಯ ಫಾಂಟ್‌ಗೆ ಸಮನಾಗಿ ನಿಲ್ಲುತ್ತದೆ. ಲಗ್ನಪತ್ರಿಕೆಯ ಅಲಂಕಾರದ ಅಕ್ಷರಗಳಲ್ಲಿ ಮಾತ್ರ ಹಳೆಯ ತಂತ್ರಾಂಶದ ಸಂಪತ್ತು ಇನ್ನೂ ಬೇರೆಲ್ಲೂ ಇಲ್ಲ, ಅದಕ್ಕೆ ಹಣ ಕೊಡಲು ನಾನು ಇಂದಿಗೂ ಸಿದ್ಧ. ಪೆಟ್ಟಿಗೆ ತೆಗೆದ ದಿನದಿಂದ ನಕಲಾಗದೆ ಉಳಿದದ್ದು ಕಂಪನಿಯ ಒಬ್ಬ ಸಿಬ್ಬಂದಿ ಫೋನಿನಲ್ಲಿ ಕನ್ನಡದಲ್ಲಿ ತಾಳ್ಮೆಯಿಂದ ಕೊಡುತ್ತಿದ್ದ ಸಲಹೆ. ಪೇಜ್‌ಮೇಕರ್‌ನಲ್ಲಿ ಸಾಲು ಒಡೆಯುವಾಗ ಒತ್ತು ಬೇರೆಯಾಗುವ ತೊಂದರೆಯನ್ನು ಅವರು ನಲವತ್ತು ನಿಮಿಷ ಕೂತು ಬಿಡಿಸಿಕೊಟ್ಟದ್ದು ಇನ್ನೂ ನೆನಪಿದೆ. ಬೀಗ ಮುರಿದ ಪ್ರತಿ ಬಳಸುವವರಿಗೆ ಆ ಫೋನ್ ಸಂಖ್ಯೆ ಇರಲಿಲ್ಲ. ಡಾಂಗಲ್‌ಗೆ ಖರ್ಚು ಮಾಡುವ ಹಣವನ್ನು ಇನ್ನೂ ಇಬ್ಬರು ಅಂಥವರಿಗೆ ಸಂಬಳವಾಗಿ ಕೊಟ್ಟಿದ್ದರೆ, ವರ್ಷಕ್ಕೆರಡು ಹೊಸ ಅಲಂಕಾರದ ಫಾಂಟ್‌ಗಳನ್ನು ನೋಂದಾಯಿತ ಗ್ರಾಹಕರಿಗೆ ಕಳಿಸುತ್ತಿದ್ದರೆ, ನಮ್ಮ ರಸ್ತೆಯ ಉಳಿದೆರಡು ಅಂಗಡಿಗಳಲ್ಲಿ ಒಂದಾದರೂ ಕೊಳ್ಳುತ್ತಿತ್ತೆಂದು ನನಗೆ ನಂಬಿಕೆ.

ಅಂಕ ಕೊಡುವುದಾದರೆ ಅಕ್ಷರಗಳಿಗೆ ಐದಕ್ಕೆ ನಾಲ್ಕೂವರೆ, ಫೋನ್ ನೆರವಿಗೆ ನಾಲ್ಕು, ಬೀಗಕ್ಕೆ ಒಂದು. ಡಾಂಗಲ್ ಇರುವ ತಂತ್ರಾಂಶವನ್ನು ಈಗಲೂ ಕೊಳ್ಳಬೇಕಾಗಿ ಬಂದವರು ಹಣ ಕೊಡುವ ಮೊದಲು, ಡಾಂಗಲ್ ಒಡೆದರೆ ಬದಲಿಗೆ ಎಷ್ಟು ದಿನ, ಎಷ್ಟು ಹಣ ಎಂಬುದನ್ನೂ, ಮುಂದಿನ ವಿಂಡೋಸ್‌ಗೆ ಡ್ರೈವರ್ ಉಚಿತವೇ ಎಂಬುದನ್ನೂ ಡೀಲರಿಂದ ಬಿಲ್ಲಿನ ಮೇಲೆಯೇ ಬರೆಸಿಕೊಳ್ಳಿ. ಯುಎಸ್‌ಬಿ ಡಾಂಗಲನ್ನು ಮುಂದಿನ ಕಿಂಡಿಗೆ ಹಾಕದೆ ಹಿಂದಿನ ಕಿಂಡಿಗೆ ಹಾಕಿ. ಪ್ರತಿ ಪುಸ್ತಕ ಮುಗಿದ ದಿನವೇ ಅದರ ಪಠ್ಯವನ್ನು ಯೂನಿಕೋಡ್‌ಗೆ ಬದಲಿಸಿ ಲೇಖಕರ ಕೈಗೆ ಒಂದು ಪ್ರತಿ ಕೊಡಿ. ಹನ್ನೊಂದು ವರ್ಷಗಳ ಕಡತಗಳಲ್ಲಿ ನಾನು ಇನ್ನೂ ಅರವತ್ತೆರಡು ಪುಸ್ತಕಗಳನ್ನು ಪರಿವರ್ತಿಸಬೇಕಿದೆ, ಅಲ್ಲಿಯವರೆಗೆ ವಿಂಡೋಸ್ 7ರ ಆ ಯಂತ್ರವೂ ಬದಲಿ ಡಾಂಗಲ್ಲೂ ಅಂಗಡಿಯ ಮೂಲೆಯಲ್ಲಿ ಇರುತ್ತವೆ.